ಹನ್ನೊಂದೂವರೆಯ ಸಾಲು

ಹದಿಮೂರು ದಂಪತಿಗಳು ಬಂದು ಕೂತಾಗಿತ್ತು. ಹದಿನಾಲ್ಕನೆಯವರು ಕೊಚ್ಚಿಯ ರೈಲಿನಲ್ಲಿದ್ದರು, ಆ ರೈಲು ಇನ್ನೂ ನಗರದ ತಂಪಾನೂರು ನಿಲ್ದಾಣ ತಲುಪಿರಲಿಲ್ಲ. ಕೃಷ್ಣಾನಂದ ಮಡಿಯುಟ್ಟು ಜಗಲಿಯ ತುದಿಯಲ್ಲಿ ನಿಂತು ಮರಳು ರಸ್ತೆಯ ಮೇಲೆ ಬಾಡಿಗೆ ಕಾರು ಕಾಣುತ್ತದೆಯೋ ಎಂದು ನೋಡುತ್ತಿದ್ದ. ರಸ್ತೆಯ ಆ ಬದಿಗೆ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಅವನು ಕೆಲಸ ಮಾಡುವ ಹವಾಮಾನ ವೀಕ್ಷಣೆಯ ಕೊಠಡಿಗೆ ಬೀಗ ಬಿದ್ದಿತ್ತು. ಬೀಗ ಹಾಕಿದವನು ಅವನೇ.

ಎಪ್ಪತ್ತೊಂದನೇ ಇಸವಿ. ತಿರುವೋಣ ಕಳೆದು ಎರಡನೆಯ ದಿನ. ಮಲಯಾಳಿಗಳಿಗೆ ಅದು ನಾಲ್ಕನೇ ಓಣಂ, ಕೃಷ್ಣಾನಂದನ ಮನೆಯವರಿಗೆ ಅನಂತನ ಚತುರ್ದಶಿ. ಅವನ ಅಪ್ಪ ಹಿಡಿದ ವ್ರತ, ಅಪ್ಪ ಹೋದ ಮೇಲೆ ಅವನ ತೋಳಿಗೆ ಬಂದಿತ್ತು. ಹದಿನಾಲ್ಕು ಗಂಟಿನ ಕೆಂಪು ದಾರ, ಹದಿನಾಲ್ಕು ವರ್ಷ, ಕೊನೆಯ ವರ್ಷ ಹದಿನಾಲ್ಕು ದಂಪತಿಗಳಿಗೆ ಊಟ. ಇದು ಕೊನೆಯ ವರ್ಷ. ತುಂಬಾ ಎಂಬ ಈ ಕಡಲೂರಿನ ಸುತ್ತ ಕನ್ನಡದವರು ಎಷ್ಟು ಮಂದಿ ಸಿಕ್ಕಾರು? ಬಾಹ್ಯಾಕಾಶ ಕೇಂದ್ರದ ಎಂಜಿನಿಯರರು, ಬ್ಯಾಂಕಿನವರು, ತಂಪಾನೂರಿನ ಉಡುಪಿ ಹೋಟೆಲಿನ ಯಜಮಾನರು ಎಲ್ಲರನ್ನೂ ಲೆಕ್ಕ ಹಾಕಿದರೂ ಹದಿಮೂರೇ ಆಗಿತ್ತು. ಹಳೆಯ ಸಹಪಾಠಿ ದಿನಕರ ಕೊಚ್ಚಿಯ ಬ್ಯಾಂಕಿನಲ್ಲಿದ್ದ. ಅವನಿಗೂ ಹೆಂಡತಿ ಸುಮಿತ್ರಳಿಗೂ ಮೂರು ಕಾಗದ ಬರೆದು ಒಪ್ಪಿಸಿದ್ದಾಯಿತು.

ಕೃಷ್ಣಾನಂದನ ಹೆಂಡತಿ ಅನಸೂಯಾಳಿಗೆ ಇದು ಊಟದ ಮಾತಾಗಿರಲಿಲ್ಲ. ಐದು ವರ್ಷದ ಹಿಂದೆ, ವರ್ಗವಾಗಿ ಇಲ್ಲಿಗೆ ಬಂದ ಹೊಸದರಲ್ಲಿ, ಇದೇ ವ್ರತದ ಸಂಕಲ್ಪ ಮುಗಿದ ಮೇಲೆ ಕೃಷ್ಣಾನಂದ ಡ್ಯೂಟಿಯ ಹೊತ್ತಾಯಿತೆಂದು ಎದ್ದು ಹೋಗಿದ್ದ. ಅರ್ಧ ಗಂಟೆ ಬಿಟ್ಟು ಬಂದು ಪೂಜೆ ಮುಂದುವರಿಸಿದ. ಮೂರು ತಿಂಗಳಲ್ಲಿ ಹತ್ತು ತಿಂಗಳ ಗಂಡುಮಗು ಜ್ವರ ಬಂದು ತೀರಿಕೊಂಡಿತು. ಎರಡಕ್ಕೂ ಸಂಬಂಧವಿಲ್ಲ ಎಂದು ಅವನು ಒಮ್ಮೆ ಹೇಳಿದ್ದ. ಈಗ ಅವಳು ಮತ್ತೆ ಬಸುರಿ, ಐದು ತಿಂಗಳು ತುಂಬಿತ್ತು. ಈ ಸಲ ಏಳಬಾರದು ಎಂದು ಅವಳು ಬಾಯಿಬಿಟ್ಟು ಕೇಳಿದ್ದು ಒಂದೇ ಸಲ, ಅಕ್ಕಿ ಆರಿಸುತ್ತ.

ಏಳದೆ ಇರುವುದಕ್ಕೆ ಅವನು ಎಲ್ಲ ಏರ್ಪಾಟನ್ನೂ ಮಾಡಿಕೊಂಡಿದ್ದ. ಆ ಕೊಠಡಿಯಲ್ಲಿ ಇಬ್ಬರೇ ವೀಕ್ಷಕರು. ಇನ್ನೊಬ್ಬ ಭಾರ್ಗವನ್, ಕೊಚ್ಚಿಯ ಹತ್ತಿರದ ಆಲುವದವನು. ಓಣಂನ ಮೂರು ದಿನ ಅವನ ಪಾಲಿನ ಕೆಲಸವನ್ನೂ ಕೃಷ್ಣಾನಂದ ಮಾಡುವುದು, ಚತುರ್ದಶಿಗೆ ಭಾರ್ಗವನ್ ಬಂದು ನಿಲ್ಲುವುದು. ಪ್ರತಿ ವರ್ಷ ಹೀಗೇ ಕೊಟ್ಟು ತೆಗೆದುಕೊಳ್ಳುತ್ತಿದ್ದರು. ಹಿಂದಿನ ಸಂಜೆ ಆಲುವದಿಂದ ಕಾರ್ಡು ಬಂತು: ತಾಯಿ ಬಚ್ಚಲಲ್ಲಿ ಬಿದ್ದಿದ್ದಾರೆ, ಬರುವುದು ಭಾನುವಾರ.

ಬೆಳಿಗ್ಗೆ ಎಂಟೂವರೆ, ಹನ್ನೊಂದೂವರೆ, ಮಧ್ಯಾಹ್ನ ಎರಡೂವರೆ. ಹಗಲಿನಲ್ಲಿ ಮೂರು ಸಲ ಬ್ಯಾರೊಮೀಟರ್ ನೋಡಬೇಕು, ಗಾಳಿ ನೋಡಬೇಕು, ಮೋಡ ನೋಡಬೇಕು, ರಿಜಿಸ್ಟರಿನಲ್ಲಿ ಒಂದು ಸಾಲು ಬರೆದು ನಗರದ ಕಚೇರಿಗೆ ಫೋನಿನಲ್ಲಿ ಓದಿ ಹೇಳಬೇಕು. ಕೊಠಡಿಯ ಮುಂದೆ ಒಂದು ಕಂಬ. ಕೆಟ್ಟ ಗಾಳಿ ಬರುವಂತಿದ್ದರೆ ಅದಕ್ಕೆ ಕ್ಯಾನ್ವಾಸಿನ ಕಪ್ಪು ಶಂಕು ಏರಿಸಬೇಕು. ಕಡಲಲ್ಲಿರುವ ಬೆಸ್ತರು ಅದನ್ನು ಕಂಡು ದಡಕ್ಕೆ ತಿರುಗುತ್ತಾರೆ.

ಓಣಂನ ಮೊದಲ ದಿನ ನಗರದ ಗುಮಾಸ್ತ ಫೋನಿನಲ್ಲಿ, ಹನ್ನೊಂದೂವರೆಯ ಅಂಕಿಯನ್ನೂ ಈಗಲೇ ಕೊಟ್ಟುಬಿಡಿ ಸಾರ್, ಊಟಕ್ಕೆ ಹೆಂಡತಿಯ ಮನೆಗೆ ಹೋಗಬೇಕು ಎಂದಿದ್ದ. ಕೃಷ್ಣಾನಂದ ಕೊಟ್ಟಿದ್ದ. ಐದು ವರ್ಷ ದಿನಾಲೂ ನೋಡಿದವನಿಗೆ ಆ ಪಾದರಸ ಎಂಟೂವರೆಯಿಂದ ಹನ್ನೊಂದೂವರೆಗೆ ಎಷ್ಟು ಇಳಿಯುತ್ತದೆ ಎಂಬುದು ಗೊತ್ತಿತ್ತು. ಹನ್ನೊಂದೂವರೆಗೆ ಹೋಗಿ ನೋಡಿದರೆ ಅವನು ಹೇಳಿದ್ದಕ್ಕೂ ನಿಜಕ್ಕೂ ಕೂದಲಷ್ಟು ವ್ಯತ್ಯಾಸ. ಎರಡನೆಯ ದಿನವೂ ಹಾಗೆಯೇ. ಮೂರನೆಯ ದಿನ ಅವನು ಹೋಗಿ ನೋಡಲೇ ಇಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಎಂಟೂವರೆಗೆ ಎರಡು ಸಾಲು ಬರೆದ. ಎಂಟೂವರೆ: ೧೦೧೦.೨ ಮಿಲಿಬಾರ್. ಹನ್ನೊಂದೂವರೆ: ೧೦೦೯.೭. ಆಕಾಶ ಶುಭ್ರ. ಗಾಳಿ ಮಂದ. ಎರಡನ್ನೂ ಓದಿ ಹೇಳಿ ಬೀಗ ಹಾಕಿ ಹೊರಗೆ ಬಂದಾಗ ಲಾಸರ್ ಹುಟ್ಟು ಹೊತ್ತುಕೊಂಡು ಎದುರಾದ. ಆ ದಡದ ಬೆಸ್ತರಲ್ಲಿ ಕೃಷ್ಣಾನಂದನ ಜೊತೆ ನಿಂತು ಮಾತಾಡುವವನು ಅವನೊಬ್ಬನೇ. ಉಳಿದವರು ಕಂಬ ನೋಡಿ ಹೋಗುತ್ತಿದ್ದರು.

"ಸಾರ್‌ಗೆ ಇವತ್ತು ಮದುವೆಯೋ?" ಎಂದ ಲಾಸರ್, ಅವನ ರೇಷ್ಮೆ ಮಡಿ ನೋಡಿ.

"ಹದಿನಾಲ್ಕು ಜೋಡಿ ಬರ್ತಿದ್ದಾರೆ."

"ನಾನು ಒಂದಕ್ಕೇ ಸೋತೆ ಸಾರೇ." ಆಮೇಲೆ ಕಡಲಿನ ಕಡೆ ಗದ್ದ ಎತ್ತಿ, "ಹೇಗಿದೆ?" ಎಂದ.

ತೊಂದರೆ ಇಲ್ಲ ಎಂದು ಕೃಷ್ಣಾನಂದ ಹೇಳಿದ. ಎಂಟೂವರೆಗೆ ತೊಂದರೆ ಇರಲಿಲ್ಲ, ಅದು ನಿಜ. ಅಂದು ಒಂದು ಕಟ್ಟುಮರವೂ ದಡದಲ್ಲಿ ಉಳಿಯಲಿಲ್ಲ. ಓಣಂನ ಸಸ್ಯಾಹಾರದಿಂದ ಬೇಸತ್ತ ನಗರ ಆ ದಿನ ಮೀನಿಗೆ ಬಾಯಿಬಿಟ್ಟು ಕಾಯುತ್ತದೆ.

ಕಾರು ಬಂದಾಗ ಹತ್ತೂ ಇಪ್ಪತ್ತು. ದಿನಕರ ಇಳಿಯುತ್ತಲೇ, ಒಂದು ಊಟಕ್ಕೆ ಇನ್ನೂರು ಕಿಲೋಮೀಟರು ಬಂದವನು ಚರಿತ್ರೆಯಲ್ಲಿ ತಾನೊಬ್ಬನೇ ಎಂದು ಸಾರಿದ. ಕೊಲ್ಲಂ ಹತ್ತಿರ ರೈಲು ಒಂದೂವರೆ ಗಂಟೆ ನಿಂತಿತ್ತಂತೆ. ನಗರದ ಕೋಟೆ ಭಾಗದಿಂದ ಬಂದ ತುಳು ಪುರೋಹಿತರು ತಡವಾಯಿತೆಂದು ಗೊಣಗುತ್ತ ದಂಪತಿಗಳನ್ನು ಕೂರಿಸಿ, ಕೃಷ್ಣಾನಂದನ ಉತ್ತರೀಯದ ತುದಿಗೆ ಅನಸೂಯಾಳ ಸೆರಗಿನ ತುದಿ ಸೇರಿಸಿ ಗಂಟು ಹಾಕಿದರು. ಹತ್ತೂ ಮುಕ್ಕಾಲಿಗೆ ಸಂಕಲ್ಪವಾಯಿತು.

ಹತ್ತು ನಿಮಿಷ ಕಳೆದಿರಬೇಕು. ದರ್ಭೆಯಲ್ಲಿ ಮಾಡಿದ ಏಳು ಹೆಡೆಯ ಹಾವಿನ ಮುಂದಿನ ದೀಪ ಇದ್ದಕ್ಕಿದ್ದಂತೆ ಹೆಚ್ಚು ಹೊಳೆಯತೊಡಗಿತು. ಕೃಷ್ಣಾನಂದ ತಲೆ ಎತ್ತಿದ. ಹೆಚ್ಚಾದದ್ದು ದೀಪವಲ್ಲ, ಕೋಣೆ ಕತ್ತಲಾಗಿತ್ತು. ಕಿಟಕಿಯ ಹತ್ತಿರ ನಿಂತಿದ್ದ ಮಗಳು ವಿನೋದಾ, ಏಳು ವರ್ಷದವಳು, "ಅಚ್ಛಾ, ಕಾಟ್ಟು" ಎಂದಳು. ಅಪ್ಪ ಎನ್ನುವುದಕ್ಕೂ ಗಾಳಿ ಎನ್ನುವುದಕ್ಕೂ ಅವಳ ಬಾಯಿಗೆ ಮೊದಲು ಬರುತ್ತಿದ್ದದ್ದು ಮಲಯಾಳದ ಮಾತೇ.

ಕಿಟಕಿಯಲ್ಲಿ ಪಡುವಣದ ಒಂದು ತುಂಡು ಕಾಣುತ್ತಿತ್ತು. ಕಡಲು ಮತ್ತು ಆಕಾಶ ಸೇರುವ ಗೆರೆ ಅಳಿಸಿಹೋಗಿತ್ತು. ಅದರ ಜಾಗದಲ್ಲಿ ಸೀಸದ ಬಣ್ಣದ ಒಂದು ಗೋಡೆ ನಿಂತಿತ್ತು, ಗೋಡೆಯ ಬುಡ ಬೆಳ್ಳಗಿತ್ತು. ಆ ಬಿಳಿ ಏನೆಂದು ಅವನಿಗೆ ಗೊತ್ತಿತ್ತು, ಬಿರುಗಾಳಿ ಎಬ್ಬಿಸಿದ ನೊರೆ. ಅದು ದಡಕ್ಕೆ ಬರಲು ಇಪ್ಪತ್ತು ನಿಮಿಷ ಬೇಕು, ಹೆಚ್ಚೆಂದರೆ ಇಪ್ಪತ್ತೈದು. ಕಟ್ಟುಮರಗಳು ಮೀನು ಹಿಡಿಯುತ್ತಿದ್ದ ಜಾಗದಿಂದ ದಡಕ್ಕೆ, ಮೈಮುರಿದು ಹುಟ್ಟು ಹಾಕಿದರೆ, ಅಷ್ಟೇ ಬೇಕು. ಶಂಕು ಏರಿಸಲು ಎರಡು ನಿಮಿಷ. ರಸ್ತೆ ದಾಟಲು ಒಂದು.

ಪುರೋಹಿತರು ಹೂವು ಹಾಕಿ ಎಂದರು. ಹಾಕಿದ.

"ರೀ," ಅನಸೂಯಾ ತುಟಿ ಅಲುಗಿಸದೆ ಕೇಳಿದಳು, "ನಿಮ್ಮ ಹನ್ನೊಂದೂವರೆ?"

"ಬರೆದಾಗಿದೆ."

"ಯಾವಾಗ?"

"ಬೆಳಿಗ್ಗೆ."

ಅವಳು ಅವನ ಕಡೆ ತಿರುಗಿ ನೋಡಿದಳು. ಆಮೇಲೆ ಕಿಟಕಿ ನೋಡಿದಳು. ಐದು ವರ್ಷ ಕಡಲ ದಂಡೆಯಲ್ಲಿ ಸಂಸಾರ ಮಾಡಿದವಳು, ಅವಳಿಗೂ ಆ ಬಿಳಿ ಗೊತ್ತಿತ್ತು. ಇಬ್ಬರ ನಡುವೆ ನೆಲದ ಮೇಲೆ ಬಿದ್ದಿದ್ದ ಬಟ್ಟೆಯ ಗಂಟನ್ನು ಅವಳು ಮೆಲ್ಲಗೆ ಎತ್ತಿ ತನ್ನ ಮಡಿಲಿನಲ್ಲಿಟ್ಟುಕೊಂಡಳು. ಎಳೆಯಲಿಲ್ಲ, ಹಿಡಿಯಲೂ ಇಲ್ಲ. ಅದು ಅಲ್ಲಿ ಸುಮ್ಮನೆ ಇತ್ತು. ಅದರ ಕೆಳಗೆ ಐದು ತಿಂಗಳ ಹೊಟ್ಟೆ ಇತ್ತು. ಅವನು ಒಂದು ಮಂಡಿ ಮೇಲೆತ್ತಿದ. ಒಂದು ಮಂತ್ರ ಮುಗಿಯುವವರೆಗೆ ಹಾಗೇ ಇದ್ದ. ಕಾಲು ಜೋಮು ಹಿಡಿಯಿತೇ ಎಂದು ಪಕ್ಕದಲ್ಲಿ ಕೂತ ದಿನಕರ ಕಿವಿಯಲ್ಲಿ ಕೇಳಿದ. ಹೌದು ಎಂದು ಮಂಡಿ ಇಳಿಸಿದ.

ಹನ್ನೊಂದೂ ಇಪ್ಪತ್ತಕ್ಕೆ ಅದು ಬಂತು. ಮನೆಯ ಹೆಂಚು ಹಾರಿತು, ಮಳೆ ಸುರಿಯಿತು, ಚಪ್ಪರ ಕುಸಿಯಿತು, ಅಡುಗೆಮನೆಯ ಬಾಗಿಲು ಬಡಿದುಕೊಳ್ಳತೊಡಗಿತು. ಇಪ್ಪತ್ತೆಂಟು ಮಂದಿ ದೊಡ್ಡವರು ಗೋಡೆಗೆ ಒತ್ತಿಕೊಂಡು ಕೂತರು. ಅನಸೂಯಾ ಎರಡೂ ಕೈಗಳನ್ನು ದೀಪದ ಸುತ್ತ ಕಟ್ಟಿ ಬಾಗಿದಳು. ಪುರೋಹಿತರು ದನಿ ಏರಿಸಿದರು. ಗೋಡೆಯ ಗಡಿಯಾರದಲ್ಲಿ ಹನ್ನೊಂದೂವರೆ ಆದದ್ದನ್ನು ಕೃಷ್ಣಾನಂದ ನೋಡಿದ. ಆ ಕ್ಷಣದಲ್ಲಿ ರಿಜಿಸ್ಟರಿನೊಳಗೆ ಆಕಾಶ ಶುಭ್ರವಾಗಿತ್ತು.

ಹನ್ನೆರಡಕ್ಕೆಲ್ಲ ಮುಗಿಯಿತು. ಬಿಸಿಲು ಬಂತು, ಎಂದಿನ ಬಿಸಿಲು, ತೊಳೆದಂತಹದು. ಹೋಟೆಲಿನ ಯಜಮಾನರು, ಅನಂತ ಪ್ರಸನ್ನನಾದ ಎಂದರು. ದೀಪ ಆರಲಿಲ್ಲವಲ್ಲ ಎಂದು ಹೆಂಗಸರು ಅನಸೂಯಾಳ ಕೈ ಹಿಡಿದರು. ದಾರ ಕಟ್ಟಿಸಿಕೊಂಡು, ಗಂಟು ಬಿಚ್ಚಿಸಿಕೊಂಡು ಕೃಷ್ಣಾನಂದ ಬಡಿಸಲು ನಿಂತ. ಎಲೆಗೆ ಹದಿನಾಲ್ಕು ಬಗೆ. ಪಾಯಸ ಎರಡನೆಯ ಸುತ್ತು ಹೋಗುವಾಗ ದಡದ ಕಡೆಯಿಂದ ಒಂದು ಸದ್ದು ಶುರುವಾಯಿತು, ಬಹಳ ಜನ ಹೆಂಗಸರು ಒಟ್ಟಿಗೆ ಕೂಗುವ ಸದ್ದು. ಮೀನಿನ ಹರಾಜೇ ಎಂದು ಸುಮಿತ್ರ ಕೇಳಿದಳು. ಇರಬೇಕು ಎಂದ. ಆಮೇಲೆ ಅವಳ ಎಲೆಗೆ ಒಂದು ಸೌಟು ಹಾಕಿದ, ಸಾಕು ಸಾಕು ಎಂದು ಅವಳು ಕೈ ಅಡ್ಡ ಹಿಡಿದರೂ ಇನ್ನೊಂದು ಸೌಟು ಹಾಕಿದ.

ತಾಂಬೂಲ ಕೊಟ್ಟು, ಕಾರು, ವ್ಯಾನು ಎಲ್ಲ ಕಳಿಸಿ, ಎರಡೂವರೆಗೆ ಕೊಠಡಿಯ ಬೀಗ ತೆಗೆದ. ಗಾಳಿ ಮಂದ, ಆಕಾಶ ಶುಭ್ರ, ಈಗ ಅದು ಸುಳ್ಳಾಗಿರಲಿಲ್ಲ. ಬರೆದ. ಹೊರಗೆ ಅಂಗಳದಲ್ಲಿ ಮಳೆ ಅಳೆಯುವ ಪಾತ್ರೆ ಇತ್ತು. ಅದನ್ನು ಮರುದಿನ ಬೆಳಿಗ್ಗೆ ಅಳೆಯಬೇಕು, ನಿಯಮ ಹಾಗೆ. ಮೇಲಿನ ಲಾಳಿಕೆ ತೆಗೆದು ಒಳಗೆ ನೋಡಿದ. ಎಷ್ಟು ಎಂದು ಅಳೆಯದೆ ಪಾತ್ರೆಯನ್ನು ಬೋರಲು ಹಾಕಿದ. ಮರಳು ನೀರನ್ನು ತಕ್ಷಣ ಕುಡಿದುಬಿಟ್ಟಿತು. ಹನ್ನೊಂದೂವರೆಯ ಸಾಲನ್ನು ಬರೆದದ್ದು ಅಭ್ಯಾಸದಿಂದ ಎಂದು ಅವನು ತನಗೆ ತಾನೇ ಹೇಳಿಕೊಳ್ಳಬಹುದಿತ್ತು. ಇದಕ್ಕೆ ಅಂತಹ ಹೆಸರು ಸಿಗಲಿಲ್ಲ.

ಸಂಜೆಯ ಹೊತ್ತಿಗೆ ಕಡಲಿಗೆ ಹೋದವರಲ್ಲಿ ಕೆಲವರು ಬಂದರು, ಮರದ ತುಂಡು ಹಿಡಿದು ತೇಲಿ ಕೆಲವರು, ದೂರದ ದಡ ಹತ್ತಿ ನಡೆದು ಕೆಲವರು. ಒಂಬತ್ತು ಮಂದಿ ಬರಲಿಲ್ಲ. ಲಾಸರ್ ಅವರಲ್ಲಿ ಒಬ್ಬ. ಮೂರನೆಯ ದಿನ ಅವನ ದೇಹ ಎರಡು ಊರಿನಾಚೆ ಸಿಕ್ಕಿತು. ಅನಸೂಯಾ ಉಳಿದ ಅತಿರಸಗಳನ್ನು ಡಬ್ಬಿಗೆ ತುಂಬಿಟ್ಟಿದ್ದಳು. ಅದನ್ನು ದಡಕ್ಕೆ ಕಳಿಸುವ ಮಾತು ಇಬ್ಬರಲ್ಲಿ ಯಾರೂ ಎತ್ತಲಿಲ್ಲ, ಮನೆಯಲ್ಲಿ ಯಾರೂ ತಿನ್ನಲೂ ಇಲ್ಲ. ಒಂದು ದಿನ ಊಟಕ್ಕೆ ಕೂತಾಗ ಅವಳು, ಮಗು ಒದೆಯಿತು ಎಂದಳು. ಅವನು ಕೈ ತೊಳೆಯಲು ಎದ್ದ.

ಭಾರ್ಗವನ್ ಭಾನುವಾರ ಬಂದು ರಿಜಿಸ್ಟರ್ ತಿರುವಿ ಹಾಕಿದ. ಹೆಂಚು ಹಾರಿದ ಮನೆಯನ್ನೂ ನೋಡಿದ, ಹನ್ನೊಂದೂವರೆಯ ಸಾಲನ್ನೂ ನೋಡಿದ. ತಾಯಿಗೆ ಈಗ ಪರವಾಗಿಲ್ಲ ಎಂದಷ್ಟೇ ಹೇಳಿದ.

ಹದಿನಾರನೆಯ ದಿನ ಲಾಸರನ ಹೆಂಡತಿ ತ್ರೇಸ್ಯ ಕೊಠಡಿಗೆ ಬಂದಳು. ಬಿರುಗಾಳಿಗೆ ಸತ್ತವರ ಮನೆಯವರಿಗೆ ಸರ್ಕಾರ ಸಹಾಯ ಕೊಡುತ್ತದಂತೆ. ಆದರೆ ತಾಲೂಕು ಕಚೇರಿಯಲ್ಲಿ, ಆ ದಿನ ಬಿರುಗಾಳಿ ಬಂದದ್ದಕ್ಕೆ ದಾಖಲೆ ಎಲ್ಲಿ ಎಂದು ಕೇಳಿದ್ದರು. ನಗರದಲ್ಲಿ ಬರಿ ನಾಲ್ಕು ಹನಿ ಬಿದ್ದಿತ್ತು. ಹವಾಮಾನದವರಿಂದ ಕಾಗದ ತಂದರೆ ಒಂಬತ್ತು ಮನೆಗೂ ಆಗುತ್ತದೆ ಎಂದು ಪಾದ್ರಿಗಳು ಅವಳನ್ನು ಕಳಿಸಿದ್ದರು, ಸಾರ್ ಲಾಸರನ ಗುರುತಿನವರು ಎಂದು.

"ಎರಡು ಸಾಲು ಸಾಕು ಸಾರೇ," ಎಂದಳು ಬಾಗಿಲಾಚೆ ನಿಂತು. "ನಿಮ್ಮ ಮನೆಯ ಹೆಂಚೂ ಹೋಯಿತಲ್ಲ. ಅಷ್ಟು ಬರೆದರೆ ಸಾಕು."

ಕೃಷ್ಣಾನಂದ ಅವಳನ್ನು ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿದ. ರಿಜಿಸ್ಟರ್ ತೆರೆದ. ಅವನು ಕೊಡಬಹುದಾದದ್ದು ಅದರ ನಕಲು ಮಾತ್ರ. ಅದರಲ್ಲಿಲ್ಲದ ಒಂದು ಅಕ್ಷರ ಬರೆದರೂ ಮೊದಲ ಪ್ರಶ್ನೆ, ಇದು ಇಲ್ಲಿ ಯಾಕಿಲ್ಲ ಎನ್ನುವುದು. ಎರಡನೆಯದು, ನೀನು ಎಲ್ಲಿದ್ದೆ. ಮೂರನೆಯದು ಮಳೆಯ ನೀರು. ಆಮೇಲೆ ಈ ಕೆಲಸವಿಲ್ಲ, ರಸ್ತೆಯಾಚೆಯ ಆ ಮನೆಯಿಲ್ಲ. ಅವನು ಪೆನ್ನು ಹಿಡಿದು ಬಹಳ ಹೊತ್ತು ಕೂತ. ತ್ರೇಸ್ಯ ಆತುರ ಮಾಡಲಿಲ್ಲ. ಇಂತಹ ಕಾಗದಗಳಿಗೆ ಹೊತ್ತು ಹಿಡಿಯುತ್ತದೆ ಎಂದು ಅವಳಿಗೆ ಯಾರೋ ಹೇಳಿದ್ದಿರಬೇಕು.

ಬರೆದ. ಇಂಗ್ಲಿಷಿನಲ್ಲಿ, ದುಂಡಗೆ, ಹನ್ನೊಂದೂವರೆಯ ಸಾಲಿನಲ್ಲಿ ಇದ್ದದ್ದನ್ನು ಇದ್ದ ಹಾಗೆ: ಆಕಾಶ ಶುಭ್ರ, ಗಾಳಿ ಮಂದ. ಮೊಹರು ಒತ್ತಿದ.

ಅವಳು ಎರಡೂ ಕೈಯಲ್ಲಿ ಕಾಗದ ತೆಗೆದುಕೊಂಡಳು. ತಲೆಕೆಳಗಾಗಿ ಹಿಡಿದು ನೋಡಿ, ಮತ್ತೆ ಅವನ ಮುಂದೆ ಚಾಚಿದಳು.

"ಒಂದು ಸಲ ಓದಿ ಹೇಳಿ ಸಾರೇ. ಉಳಿದವರು ಕೇಳ್ತಾರೆ."

ಕೃಷ್ಣಾನಂದ ಕಾಗದವನ್ನು ಕಣ್ಣಿನ ಹತ್ತಿರ ತಂದ. ಮಲಯಾಳದಲ್ಲಿ, ಒಂದೊಂದೇ ಮಾತಾಗಿ ಓದಿದ. ಹತ್ತೂ ಐವತ್ತೈದಕ್ಕೆ ಪಡುವಣದಲ್ಲಿ ಕಪ್ಪು ಮೋಡ ಕಂಡಿತು. ಮೋಡದ ಬುಡದಲ್ಲಿ ನೊರೆ ಇತ್ತು. ಹನ್ನೊಂದೂ ಇಪ್ಪತ್ತಕ್ಕೆ ದಡಕ್ಕೆ ಭಾರಿ ಗಾಳಿ ಬಡಿಯಿತು. ಮಳೆ ಸುರಿಯಿತು. ಹನ್ನೆರಡರವರೆಗೆ ಇತ್ತು. ಶಂಕು ಏರಿಸಿರಲಿಲ್ಲ.

"ಹೌದು," ಎಂದಳು ತ್ರೇಸ್ಯ. "ಹಾಗೇ ಇತ್ತು."

ಕಾಗದವನ್ನು ನಾಲ್ಕಾಗಿ ಮಡಿಸಿ ರವಿಕೆಯೊಳಗಿಟ್ಟುಕೊಂಡು, ತಾಲೂಕು ಕಚೇರಿಯ ಕಡೆ ಹೋಗುವ ಬಸ್ಸು ಇನ್ನೂ ಇದೆಯೇ ಎಂದು ಕೇಳಿದಳು. ಇದೆ ಎಂದ. ಅವಳು ಬಿಸಿಲಿನಲ್ಲಿ ಬೇಗ ಬೇಗ ನಡೆದಳು.