ಮುರಿದ ಇಕ್ಕಳ, ಮುಚ್ಚಿಟ್ಟ ಮಾತು

ಹನ್ನೊಂದು ದಿನದಿಂದ ಬೋಲ್ಟಣ್ಣನಿಗೆ ಕೂತಲ್ಲಿ ಕೂರೋಕಾಗ್ತಿಲ್ಲ, ನಿಂತಲ್ಲಿ ನಿಲ್ಲೋಕಾಗ್ತಿಲ್ಲ. ಲಿಫ್ಟ್ ರಿಪೇರಿ ಅವನ ಕಸುಬು. ಯಾವ ಜೇಬಿಗೆ ಕೈ ಹಾಕಿದರೂ ಎರಡು ಬೋಲ್ಟು ಸಿಗುತ್ತೆ, ಅದಕ್ಕೇ ಆ ಹೆಸರು. ಅವನ ಸೊಂಟದಲ್ಲಿ ಸದಾ ಒಂದು ಮಲ್ಟಿಟೂಲ್. ಬಿಚ್ಚಿದರೆ ಇಕ್ಕಳ, ಚಾಕು, ಸ್ಕ್ರೂಡ್ರೈವರ್, ಅರ, ಎಲ್ಲ ಒಂದರಲ್ಲೇ. ಮಡಚಿದರೆ ಅಂಗೈಯಲ್ಲಿ ಹಿಡಿಸುತ್ತೆ. ಹೆಂಡತಿ ಹಗಲೂ ಇರುಳೂ ಬಟ್ಟೆ ಹೊಲಿದು, ಆಸೆಪಟ್ಟು ತಂದುಕೊಟ್ಟಿದ್ದು. ಅದು ಮುರಿದುಹೋಗಿತ್ತು, ಅವಳಿಗೆ ಹೇಳಿರಲಿಲ್ಲ.

ಮುರಿದದ್ದು ಹೀಗೆ. ಒಂದು ಹಳೇ ಕಟ್ಟಡದ ಲಿಫ್ಟ್ ಬಾಗಿಲಲ್ಲಿ ನಟ್ಟು ತುಕ್ಕು ಹಿಡಿದು ಕೂತಿತ್ತು. ಇಕ್ಕಳದಲ್ಲಿ ಕಚ್ಚಿಸಿ ತಿರುಗಿಸಿದ. ಬರಲಿಲ್ಲ. ಹಲ್ಲು ಕಚ್ಚಿ ಇನ್ನೊಂದು ಸಲ ತಿರುಗಿಸಿದ. ಟಕ್! ಇಕ್ಕಳದ ಒಂದು ದವಡೆ ತುಂಡಾಗಿ ಕೆಳಗಿನ ಗುಂಡಿಗೆ ಬಿತ್ತು. ಗುಂಡಿಗಿಳಿದು ಹುಡುಕಿ ತಂದು, ಇನ್ಸುಲೇಷನ್ ಟೇಪಿನಿಂದ ಬಿಗಿಯಾಗಿ ಕಟ್ಟಿ, ಹಾಗೇ ಕೆಲಸ ಸಾಗಿಸಿದ. ನಾಲ್ಕನೇ ದಿನ ಟೇಪು ಜಾರಿ, ಮುರಿದ ಅಂಚು ಹೆಬ್ಬೆರಳ ಬುಡವನ್ನೇ ಸೀಳಿತು.

"ಏನ್ರೀ ಇದು, ರಕ್ತ?" ಅಂದಳು ಹೆಂಡತಿ.

"ತಗಡು ಗೀರ್ತು ಕಣೇ" ಅಂದುಬಿಟ್ಟ. ಅವತ್ತಿಂದ ಊಟ ಸೇರಲಿಲ್ಲ. ಅವಳು ಎದುರು ಬಂದರೆ ಸಾಕು, ಏನೋ ನೆಪ ಹೇಳಿ ಹೊರಗೆ ಹೋಗಿಬಿಡ್ತಿದ್ದ.

ಹನ್ನೊಂದನೇ ದಿನ ಮಧ್ಯಾಹ್ನ ತಡೆಯಲಾರದೆ ವೆಲ್ಡಿಂಗ್ ಅಂಗಡಿಗೆ ನುಗ್ಗಿದ. ಅಂಗಡಿಯಾತ ವಯಸ್ಸಲ್ಲಿ ಹಿರಿಯ, ಮಾತಲ್ಲಿ ಖಾರ.

"ಅಣ್ಣಾ, ಇದಕ್ಕೊಂದು ಟಾಕ ಹಾಕಿಕೊಡು. ಬೇಗ."

ವೆಲ್ಡರ್ ಮುಖಕ್ಕೆ ಹಿಡಿದಿದ್ದ ಕಪ್ಪು ಗಾಜು ಕೆಳಗಿಟ್ಟ. ಟೂಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಒಳ್ಳೇ ಕಂಪನೀದು. ವಾರಂಟಿ ಇದೆಯೇನಯ್ಯ?"

"ಇರಬೇಕು. ಅದೆಲ್ಲ ಕಾಗದದ ಮೇಲಿನ ಮಾತು ಬಿಡಣ್ಣ, ಯಾರು ಕೊಡ್ತಾರೆ? ನಾನೇ ರಿಪೇರಿಯವನು. 'ನಂದು ಕೆಟ್ಟಿದೆ, ಸರಿ ಮಾಡ್ಕೊಡಿ' ಅಂತ ಇನ್ನೊಬ್ಬರ ಮುಂದೆ ಹೋಗಿ ನಿಂತ್ಕೊಳ್ಳಲಾ? ನಗಲ್ವಾ ಜನ?"

"ನಗಲಿ ಬಿಡು, ಹಲ್ಲೇನೂ ಉದುರಲ್ಲ. ಅಲ್ಲಿ ನೋಡು." ಮೂಲೆಯಲ್ಲಿ ಕಬ್ಬಿಣ ಕೊಯ್ಯೋ ಮೆಷಿನ್ ಒಂದು ಧೂಳು ತಿನ್ನುತ್ತಾ ಬಿದ್ದಿತ್ತು. "ತಂದ ಮೂರೇ ತಿಂಗಳಿಗೆ ಕೆಟ್ಟಿತು. ನನಗೆ ಗೊತ್ತಿಲ್ಲದ್ದೇನಿದೆ ಅಂತ ಜಂಭದಲ್ಲಿ ನಾನೇ ಬಿಚ್ಚಿದೆ, ನಾನೇ ಬೆಸೆದೆ. ಮತ್ತೆ ಕೈಕೊಟ್ಟಿತು. ಆಮೇಲೆ ಸರ್ವಿಸ್ ಸೆಂಟರಿಗೆ ಒಯ್ದರೆ, ಬಿಚ್ಚಿದ್ದನ್ನು ಮುಟ್ಟಲ್ಲ ಅಂದರು. ಒಂದು ಸಲ ನನ್ನ ಬೆಂಕಿ ತಾಗಿದರೆ ನಿನ್ನದನ್ನೂ ಅವರು ಮೂಸಿ ನೋಡಲ್ಲ. ಬಿಲ್ ಎಲ್ಲಿ?"

ಬೋಲ್ಟಣ್ಣ ತಲೆ ಕೆರೆದುಕೊಂಡ. "ಅವಳ ಹತ್ತಿರ."

"ಮತ್ತೆ ಇಲ್ಲಿಗ್ಯಾಕೆ ಬಂದೆ ಮಾರಾಯ? ನಡಿ ಮನೆಗೆ!"

ಮನೆಗೆ ಬಂದಾಗ ಹೆಂಡತಿ ಹೊಲಿಗೆ ಮೆಷಿನ್ ತುಳೀತಾ ಕೂತಿದ್ದಳು. ಅವನು ಟೂಲನ್ನು ಬಟ್ಟೆಯ ಮೇಲಿಟ್ಟು ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟ. ಅವಳು ಟೂಲ್ ಕಡೆ ನೋಡಲೇ ಇಲ್ಲ. ಅವನ ಕೈ ಹಿಡಿದು ಗಾಯ ನೋಡಿದಳು.

"ಹಾಗಾದ್ರೆ ಇದು ತಗಡಲ್ಲ."

"ಅಲ್ಲ."

"ಇಕ್ಕಳ ಮುರಿದ್ರೆ ಇನ್ನೊಂದು ಬರುತ್ತೆ ಕಣ್ರೀ. ನಿಮ್ಮ ಹೆಬ್ಬೆರಳಿಗೆ ಯಾವ ಕಂಪನಿ ವಾರಂಟಿ ಕೊಟ್ಟಿದೆ?" ಅವಳ ಕಣ್ಣಲ್ಲಿ ನೀರು ಬಂದಿತ್ತು, ದನಿಯಲ್ಲಿ ಸಿಟ್ಟು.

ಅವಳು ಎದ್ದು ಡಬ್ಬಿಯಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದಳು. ಅಂಗಡಿಯ ಸೀಲಿದ್ದ ವಾರಂಟಿ ಕಾರ್ಡು, ಜೊತೆಗೆ ಬಿಲ್ಲು. ಬಿಲ್ಲಿನ ಅಕ್ಷರ ಪೂರ್ತಿ ಮಾಸಿ, ಬಿಳೀ ಚೀಟಿ ಉಳಿದಿತ್ತು.

"ಕೆಟ್ಟೆವು!" ಅಂದ ಬೋಲ್ಟಣ್ಣ.

"ಸ್ವಲ್ಪ ತಡ್ಕೊಳ್ಳಿ. ಇಂಥ ಬಿಲ್ಲು ಮಾಸಿಹೋಗುತ್ತೆ ಅಂತ ಗೊತ್ತಿತ್ತು. ತಂದ ದಿನವೇ ಜೆರಾಕ್ಸ್ ಮಾಡಿಸಿದ್ದೆ." ಜೆರಾಕ್ಸ್ ಪ್ರತಿಯ ತಾರೀಕಿನ ಮೇಲೆ ಬೆರಳಿಟ್ಟವಳು ಗಾಬರಿಯಾದಳು. "ಎರಡು ವರ್ಷದ ವಾರಂಟಿ. ಶನಿವಾರಕ್ಕೆ ಮುಗಿಯುತ್ತೆ. ಇವತ್ತು ಗುರುವಾರ ಕಣ್ರೀ!"

ಕಾರ್ಡಿನಲ್ಲಿದ್ದ ನಂಬರಿಗೆ ಆಗಲೇ ಫೋನ್ ಹಚ್ಚಿದರು. ಆ ಕಡೆಯಿಂದ ಒಬ್ಬ ಹೆಣ್ಣುಮಗಳು ದೂರು ಬರೆದುಕೊಂಡು ಕೇಳಿದಳು, "ಏನು ಮಾಡುವಾಗ ಮುರೀತು ಸರ್?"

ಬೋಲ್ಟಣ್ಣ ಫೋನಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದ, "ತಾನಾಗೇ ಮುರೀತು ಅಂದುಬಿಡ್ಲಾ?" ಹೆಂಡತಿ ದುರುಗುಟ್ಟಿ ನೋಡಿದಳು. ಅವನು ಗಂಟಲು ಸರಿ ಮಾಡ್ಕೊಂಡ. "ನಟ್ಟು ತಿರುಗಿಸುವಾಗಮ್ಮ. ಸುತ್ತಿಗೆ ಇಲ್ಲದಾಗ ಇದರಲ್ಲೇ ನಾಲ್ಕು ಏಟು ಹಾಕಿದ್ದೂ ಉಂಟು."

"ಅದನ್ನೂ ಬರೀತೀನಿ. ಫೋಟೋ, ಬಿಲ್ ಪ್ರತಿ ಕಳಿಸಿ. ಎರಡೂ ತುಂಡು ಪಾರ್ಸೆಲ್ ಮಾಡಿ. ದೂರು ಇವತ್ತೇ ದಾಖಲಾಗಿದೆ, ಶನಿವಾರದ ಚಿಂತೆ ಬೇಡ. ಆದ್ರೆ ಪರೀಕ್ಷೆ ಮಾಡದೆ ಕೊಟ್ಟೇ ಕೊಡ್ತೀವಿ ಅಂತ ಹೇಳೋಕಾಗಲ್ಲ."

ಎರಡೂ ತುಂಡು ಅವತ್ತೇ ಪಾರ್ಸೆಲ್ ಮಾಡಿದರು. ಅಲ್ಲಿಂದ ಶುರುವಾಯ್ತು ನೋಡಿ ಕಾಯೋ ಕಷ್ಟ. ಕೆಲಸಕ್ಕೆ ಬೇರೆ ಇಕ್ಕಳ ಒಯ್ಯುತ್ತಿದ್ದ, ಆದರೂ ಕೈ ಸುಮ್ಮನೆ ಸೊಂಟಕ್ಕೆ ಹೋಗ್ತಿತ್ತು. ಸುತ್ತಿಗೆ ಏಟಿನ ಮಾತು ಹೇಳಿ ಕೆಲಸ ಕೆಡಿಸಿಕೊಂಡೆನಾ ಅಂತ ಒಂದೇ ಯೋಚನೆ. ಬಾಗಿಲಿಗೆ ಹೋಗೋದು, ಬರೋದು. "ಫೋನ್ ಬಂತಾ?" ಅಂತ ಹತ್ತು ಸಲ ಕೇಳೋದು.

"ಲಿಫ್ಟ್ ರಿಪೇರಿ ಮಾಡಿ ಮಾಡಿ ನೀವೇ ಲಿಫ್ಟ್ ಆಗಿದ್ದೀರಿ. ಒಂದು ಕಡೆ ನಿಲ್ರೀ!" ಅಂದಳು ಹೆಂಡತಿ. ಅವನಿಗೆ ನಗು ಬರಲಿಲ್ಲ.

ತುಂಡು ಕಳಿಸಿದ ಹತ್ತೊಂಬತ್ತನೇ ದಿನ ಕಂಪನಿಯಿಂದ ಪಾರ್ಸೆಲ್ ಬಂತು. ಒಳಗೆ ಹೊಚ್ಚಹೊಸ ಟೂಲ್, ಮೇಲೊಂದು ಪತ್ರ. ಅವಳೇ ಓದಿದಳು: 'ದವಡೆಯ ಲೋಹದಲ್ಲೇ ದೋಷವಿತ್ತು, ಹಾಗಾಗಿ ಬದಲಾಯಿಸಿದ್ದೇವೆ. ಏಟು ಹಾಕಿ ಮುರಿದಿದ್ದರೆ ವಾರಂಟಿ ಅನ್ವಯಿಸುತ್ತಿರಲಿಲ್ಲ. ದಯವಿಟ್ಟು ಸುತ್ತಿಗೆಯಂತೆ ಬಳಸಬೇಡಿ.'

"ಈಗ ಖುಷಿನಾ?" ಅಂದಳು.

"ಖುಷಿನೇ." ಅವನು ಹೊಸ ಟೂಲನ್ನು ಇನ್ನೂ ಮುಟ್ಟಿರಲಿಲ್ಲ. "ಆದ್ರೆ ಅಷ್ಟು ದಿನ ನಿನ್ನ ಮುಖ ನೋಡೋಕೆ ಹೆದರ್ತಿದ್ದೆನಲ್ಲ, ಅದು ಬಹಳ ಕಷ್ಟ ಆಯ್ತು ಕಣೇ. ಇನ್ನು ಮುರಿದ್ರೆ ಮೊದಲು ನಿನಗೇ ಹೇಳ್ತೀನಿ."

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಡ್ರಿಲ್ಲೋ ಮಿಕ್ಸಿಯೋ ಕೆಟ್ಟು ಕೂತಿರಬಹುದು. ಬಿಚ್ಚಬೇಡಿ, ಬೆಸೆಯಬೇಡಿ, ಟೇಪು ಸುತ್ತಿ ಕೈ ಕೊಯ್ದುಕೊಳ್ಳಬೇಡಿ. ವಾರಂಟಿ ಕಾರ್ಡು ಹುಡುಕಿ, ಬಿಲ್ಲಿನ ಪ್ರತಿ ತೆಗೆದಿಡಿ. ಆದದ್ದು ಆದ ಹಾಗೆ ಹೇಳಿ. ಕೇಳೋದು ಭಿಕ್ಷೆಯಲ್ಲ, ನೀವು ಕೊಂಡ ದಿನವೇ ನಿಮಗೆ ಬಂದ ಹಕ್ಕು. ಈ ಹಾಳೆ ಪಕ್ಕಕ್ಕಿಟ್ಟು ಏಳಿ, ಕಾರ್ಡಿನ ಮೇಲಿನ ತಾರೀಕು ನೋಡಿ. ನಾಳೆ ಅನ್ನಬೇಡಿ, ಯಾಕಂದ್ರೆ ನಿಮ್ಮ ಶನಿವಾರ ಯಾವುದು ಅಂತ ನಿಮಗಿನ್ನೂ ಗೊತ್ತಿಲ್ಲ.