ಕಪಾಳಮೋಕ್ಷಕ್ಕೆ ಕ್ಲಾರಿನೆಟ್

ಸ್ಟುಡಿಯೋದಲ್ಲಿ ಎಲ್ಲರೂ ಅವನನ್ನು ಪೀಪಿ ಎಂದೇ ಕರೆಯುತ್ತಿದ್ದರು. ಇಪ್ಪತ್ತು ವರ್ಷದಿಂದ ಸಿನಿಮಾಗಳ ಹಿನ್ನೆಲೆ ಸಂಗೀತಕ್ಕೆ ಕ್ಲಾರಿನೆಟ್ ಊದುತ್ತಿದ್ದರೂ ಅವನ ವಾದ್ಯ ಒಂಟಿಯಾಗಿ ಕೇಳಿಸಿದ್ದು ಕಡಿಮೆ. ನಲವತ್ತು ಪಿಟೀಲುಗಳ ನಡುವೆ ಅದು ಸಂತೆಯಲ್ಲಿ ಪಿಸುಗುಟ್ಟಿದ ಹಾಗೆ. ಈ ಸಲ ಮಾತ್ರ ಅರ್ಧ ನಿಮಿಷ ಪೂರ್ತಿ ಅವನದೇ. ಅದನ್ನು ಕೇಳಿಸಲೆಂದೇ ಭಾನುವಾರ ಮಧ್ಯಾಹ್ನದ ಆಟಕ್ಕೆ ಅಕ್ಕನನ್ನು ಹೊರಡಿಸಿದ. ಹೊಲಿಗೆ ಬಿಟ್ಟು ಬರಲೊಲ್ಲೆ ಎಂದವಳನ್ನು ಕಾಡಿ ಬೇಡಿ ಒಪ್ಪಿಸಿದ್ದ.

ಹನ್ನೊಂದು ವರ್ಷದ ಹಿಂದೆ ಗಂಡನ ಏಟಿಗೆ ಅಕ್ಕನ ಎಡಗಿವಿ ಕೆಟ್ಟಿತ್ತು. ಅಂದಿನಿಂದ ತಮ್ಮನ ಮನೆಯಲ್ಲೇ ಇದ್ದಳು. ಥಿಯೇಟರಿನಲ್ಲಿ ಅವನು ಅವಳ ಬಲಕ್ಕೆ ಕೂತ.

ಮಧ್ಯಂತರ ಕಳೆದು ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಒಂದು ಅಡುಗೆಮನೆ ಬಂತು. ಉಪ್ಪು ಹೆಚ್ಚಾಯಿತೆಂದು ಗಂಡ ತಟ್ಟೆ ಎಸೆದು ಹೆಂಡತಿಯ ಕಪಾಳಕ್ಕೆ ಬಾರಿಸಿದ. ಅವಳು ಬಟ್ಟೆಬುಟ್ಟಿಯ ಮೇಲೆ ಬಿದ್ದಳು. ಅಷ್ಟರಲ್ಲಿ ಕ್ಲಾರಿನೆಟ್ ಎದ್ದಿತು: ಕೋಳಿಯನ್ನು ಅಟ್ಟಿಸಿಕೊಂಡು ಹೋದಂತೆ ಕುಪ್ಪಳಿಸುವ ಧಾಟಿ, ನಡುನಡುವೆ ಕೀಚಲು ಸ್ವರ. ಥಿಯೇಟರು ಗೊಳ್ಳೆಂದಿತು. ಪೀಪಿಯೂ ನಕ್ಕ. ಶಭಾಷ್ ಅನ್ನಿಸಿಕೊಳ್ಳಲು ಪಕ್ಕಕ್ಕೆ ತಿರುಗಿದರೆ ಅಕ್ಕನ ಕುರ್ಚಿ ಖಾಲಿ.

ಟಿಕೆಟ್ ಕಿಟಕಿಯ ಬಳಿ ಸಿಕ್ಕಳು, ಕೈಚೀಲ ಎದೆಗವಚಿಕೊಂಡು.

"ಒಂದೇ ಕಿವಿ ಆದ್ರೂ ನಿನ್ನ ಉಸಿರು ನಂಗೆ ಗೊತ್ತಾಗುತ್ತೆ," ಎಂದಳು. "ಅವಳು ಬಿದ್ದಾಗ ನಗಿಸಿದ್ದು ನೀನೇ ಅಲ್ವಾ?"

ನುಡಿಸುವಾಗ ಚಿತ್ರ ತೋರಿಸಿರಲಿಲ್ಲ, ಗಂಡಹೆಂಡಿರ ಕಚ್ಚಾಟ, ತಮಾಷೆಯಾಗಿರಲಿ ಎಂದಷ್ಟೇ ಹೇಳಿದ್ದರು ಎಂದು ಅವನು ತಡವರಿಸಿದ.

"ಈಗ ತೋರಿಸಿದ್ರಲ್ಲ. ನೋಡಿನೂ ನೀನು ನಕ್ಕೆ."

ಬಸ್ಸಿನಲ್ಲಿ ಅವಳು ಬೇರೆ ಸೀಟಿನಲ್ಲಿ ಕೂತಳು.

ಬೆಳಗಾಗುವಷ್ಟರಲ್ಲಿ ಪೀಪಿಯ ನಾಚಿಕೆ ಕುದಿಯುವ ಕೋಪವಾಗಿತ್ತು. ಸ್ಟುಡಿಯೋದಲ್ಲಿ ಅದೇ ಚಿತ್ರವನ್ನು ಇನ್ನೊಂದು ಭಾಷೆಗೆ ಸಿದ್ಧಪಡಿಸುತ್ತಿದ್ದರು. ನಿರ್ದೇಶಕ ಅಲ್ಲೇ ಇದ್ದ. ಪೀಪಿ ನಮಸ್ಕಾರವನ್ನೂ ಹೇಳದೆ, ಆ ದೃಶ್ಯದ ಸಂಗೀತ ತೆಗೆಯಬೇಕೆಂದ. ಜನ ಬಿದ್ದು ಬಿದ್ದು ನಗುವುದೇ ಅಲ್ಲಿ, ಬಂಗಾರದ ಹಾಗೆ ಊದಿದ್ದೀರಿ ಎಂದು ನಿರ್ದೇಶಕ ಬೆನ್ನು ತಟ್ಟಿದ. ಪೀಪಿ ಆ ಕೈ ಕೊಡವಿ, ಧ್ವನಿ ಮಿಶ್ರಣದ ಮೇಜಿನ ಮುಂದಿದ್ದ ಹೆಂಗಸಿಗೆ, ನನ್ನ ಕ್ಲಾರಿನೆಟ್ ಸದ್ದು ಅಡಗಿಸಿ ಆ ದೃಶ್ಯ ಒಮ್ಮೆ ತೋರಿಸಿ ಎಂದ. ಅವಳು ನಿರ್ದೇಶಕನ ಮುಖ ನೋಡಲಿಲ್ಲ, ಗುಂಡಿ ಒತ್ತಿದಳು.

ಅದೇ ಅಡುಗೆಮನೆ. ತಟ್ಟೆ ಉರುಳಿ ಉರುಳಿ ನಿಂತ ಸದ್ದು. ಕಪಾಳಕ್ಕೆ ಬಿದ್ದ ಸದ್ದು. ಬುಟ್ಟಿಯ ಮೇಲೆ ಬಿದ್ದ ನಟಿ ಗಂಡನ ಕೈಯನ್ನೇ ನೋಡುತ್ತಿದ್ದಳು, ಇನ್ನೊಂದು ಏಟು ಯಾವಾಗ ಬೀಳುತ್ತದೋ ಎಂದು. ಥಿಯೇಟರಿನ ನಗುವಿನಲ್ಲಿ ಪೀಪಿಗೆ ಆ ಕಣ್ಣು ಕಂಡೇ ಇರಲಿಲ್ಲ. ಕೋಣೆಯಲ್ಲಿ ಯಾರೂ ನಗಲಿಲ್ಲ.

"ಅದಕ್ಕೇ ಕಣ್ರೀ ನಿಮ್ಮನ್ನ ಕರೆಸಿದ್ದು," ಎಂದ ನಿರ್ದೇಶಕ. "ಆ ಮುಖ ಹಾಗೇ ಬಿಟ್ರೆ ಜನ ಎದ್ದು ಹೋಗ್ತಾರೆ."

"ನಮ್ಮಕ್ಕ ಎದ್ದು ಹೋದ್ಲು ಸಾರ್. ಮಿಕ್ಕವರೂ ಹೋಗ್ಲಿ. ಆ ಗಂಡ ಮಾಡಿದ ಹೊಲಸು ಒರೆಸೋಕೆ ನನ್ನ ವಾದ್ಯ ಮಸಿಬಟ್ಟೆ ಅಲ್ಲ."

ಓಡುವ ಕುದುರೆಯ ಕಾಲನ್ನು ತಾನು ಮುರಿಯುವುದಿಲ್ಲ, ಸಂಗೀತ ಹಾಗೇ ಇರುತ್ತದೆ ಎಂದು ನಿರ್ದೇಶಕ ಖಡಾಖಂಡಿತವಾಗಿ ಹೇಳಿದ. ಇನ್ನು ಮೇಲೆ ಚಿತ್ರ ನೋಡದೆ ಊದುವುದಿಲ್ಲ ಎಂದು ಪೀಪಿ ಹೇಳಿದ್ದಕ್ಕೆ, ಹಾಗಾದರೆ ಮನೆಯಲ್ಲೇ ಕೂತು ಊದಿಕೋ ಎಂಬ ಉತ್ತರ ಸಿಕ್ಕಿತು. ಪೀಪಿ ಬಾಗಿಲನ್ನು ಗೋಡೆ ಅದುರುವಂತೆ ಎಳೆದುಕೊಂಡು ಬಂದ.

ನಡೆದದ್ದನ್ನು ಅಕ್ಕ ಕತ್ತರಿ ಕೆಳಗಿಡದೆ ಕೇಳಿದಳು. ಭೇಷ್ ಎನ್ನಲಿಲ್ಲ. ಆ ಭಾಷೆಯವರೂ ನಗುತ್ತಾರೇನು ಎಂದಳು. ನಗುತ್ತಾರೆ ಎಂದ ಅವನು, ಹಲ್ಲು ಕಚ್ಚಿ.

"ಸಿನಿಮಾದಲ್ಲಿ ಆ ಹುಡುಗಿ ಚೆನ್ನಾಗಿ ಮಾಡಿದ್ಲು," ಎಂದಳು ಅಕ್ಕ. "ನಾನೂ ಹಂಗೇ ಕೈನೇ ನೋಡ್ತಿದ್ದೆ."

ಹನ್ನೊಂದು ವರ್ಷದಲ್ಲಿ ಅದರ ಬಗ್ಗೆ ಅವಳು ಆಡಿದ ಮೊದಲ ಮಾತು. ಅಲ್ಲಿಗೇ ನಿಲ್ಲಲಿಲ್ಲ. ಹೇಳುತ್ತ ಹೇಳುತ್ತ ದನಿ ಏರಿತು. ಗಂಡನನ್ನು, ಅತ್ತೆಯನ್ನು, ಹೊಂದಿಕೊಂಡು ಹೋಗು ಎಂದವರನ್ನೆಲ್ಲ ಒಬ್ಬೊಬ್ಬರನ್ನೇ ಹಿಡಿದು ಜಾಡಿಸಿದಳು. ಪಕ್ಕದ ಮನೆಯವರು ಕಿಟಕಿ ತೆರೆದು ಇಣುಕಿದರು. ಸ್ವಲ್ಪ ಮೆಲ್ಲಗೆ ಎಂದು ಪೀಪಿ ಹೇಳಲಿಲ್ಲ.