ಮಾತಿಗೆ ಹೇಳಿದ ಮರಿ

ಭತ್ತದ ಕೊಯ್ಲು ಮುಗಿದು ಗುಡವಿ ಕಡೆಯ ಗದ್ದೆಗಳಲ್ಲಿ ಕೂಳೆ ಮಾತ್ರ ಉಳಿದಿತ್ತು. ಸಣ್ಣಬೀರಪ್ಪ ಬೆಳಿಗ್ಗೆಯೇ ಕುರಿ ಹೊಡೆದುಕೊಂಡು ಹೋಗಿದ್ದ. ಮರಿಗಳಷ್ಟೇ ಉಳಿದಿದ್ದ ದೊಡ್ಡಿಯಲ್ಲಿ ಅವನ ಹೆಂಡತಿ ದುರುಗಮ್ಮ ಹಿಕ್ಕೆ ಗುಡಿಸುತ್ತಿದ್ದಳು. ಜಗಲಿಯ ಮೇಲೆ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದ್ದ ಮಗಳು ರೋಜಾಳ ಎದುರು ಸುಮಾ ಟೀಚರ್ ಕಾಲು ಮಡಚಿ ಕೂತಿದ್ದಳು.

ರೋಜಾಗೆ ಹನ್ನೊಂದು ವರ್ಷ. ಹುಟ್ಟಿದಾಗಿನಿಂದ ನಡಿಗೆಯಿಲ್ಲ, ಮಾತಿಲ್ಲ. ಹೆಸರು ಊರ ಶಾಲೆಯ ಹಾಜರಿಯಲ್ಲಿದೆ, ಪಾಠ ಮಾತ್ರ ಮನೆಯಲ್ಲಿ. ಅಂಥ ಮಕ್ಕಳ ಮನೆಗಳಿಗೆ ಸೊರಬದಿಂದ ಸ್ಕೂಟಿಯಲ್ಲಿ ಸುತ್ತುವ ಸುಮಾ ಎರಡು ವರ್ಷದಿಂದ ಪ್ರತಿ ಗುರುವಾರ ಇಲ್ಲಿಗೆ ಬರುತ್ತಿದ್ದಳು. ಚಮಚ ಹಿಡಿಯುವುದು, ಬೇಕೆಂದರೆ ಕೈ ಎತ್ತುವುದು ಕಲಿಸಿಯಾಗಿತ್ತು. ಉಳಿದದ್ದು ಒಂದು ಮಾತು. ಹುಡುಗಿಯ ಕೈಯನ್ನು ತನ್ನ ಗಂಟಲ ಮೇಲಿಟ್ಟುಕೊಂಡು, ದನಿಯ ನಡುಕ ಬೆರಳಿಗೆ ತಿಳಿಯುವ ಹಾಗೆ, 'ಅವ್ವ' ಎಂದು ನಿಧಾನಕ್ಕೆ ಹೇಳುತ್ತಿದ್ದಳು. ಒಂದೊಂದು ಗುರುವಾರ ಐವತ್ತು ಸಲ. ಆ ಹೊತ್ತಿಗೆ ದುರುಗಮ್ಮ ದೊಡ್ಡಿ ಸೇರುತ್ತಿದ್ದಳು. ಮಗಳನ್ನು ಬಿಟ್ಟು ಕೆಲಸಕ್ಕೆ ಕೈ ಹಚ್ಚಲು ಅವಳಿಗೆ ಸಿಗುತ್ತಿದ್ದದ್ದು ಅದೊಂದೇ ತಾಸು.

ಮಗಳು ಅವ್ವ ಅಂದ ದಿನ ಟೀಚರಿಗೆ ಒಂದು ಮರಿ ಕೊಡುತ್ತೇನೆಂದು ದುರುಗಮ್ಮ ಹೇಳಿ ವರ್ಷವಾಗಿತ್ತು. ಬರುವ ಸೋಮವಾರದಿಂದ ತನ್ನನ್ನು ಶಿಕಾರಿಪುರಕ್ಕೆ ಹಾಕಿದ್ದಾರೆ, ಇಲ್ಲಿಗೆ ಬೇರೆಯವರು ಯಾವಾಗ ಬರುತ್ತಾರೋ ಗೊತ್ತಿಲ್ಲ ಎಂದು ಹೋದ ವಾರ ಸುಮಾ ತಿಳಿಸಿದಾಗ, "ಹಂಗಾರೆ ನನ್ನ ಮರಿ ಉಳೀತು ಬಿಡಿ" ಎಂದು ದುರುಗಮ್ಮ ನಕ್ಕಿದ್ದಳು. ನಕ್ಕು ಒಳಗೆ ಹೋದವಳು ಟೀ ತರಲು ಬಹಳ ಹೊತ್ತು ಮಾಡಿದ್ದಳು.

ಇವತ್ತು ಪಾಠ ಮುಗಿಸಿ ಸುಮಾ ಚೀಲ ಹೆಗಲಿಗೇರಿಸಿ ಎದ್ದಳು. ಎರಡು ಹೆಜ್ಜೆ ಇಟ್ಟಿದ್ದಳಷ್ಟೆ. ಹಿಂದಿನಿಂದ ಒಡಕು ದನಿಯೊಂದು ಬಂತು.

"ಅವ್... ವ."

ದೊಡ್ಡಿಯಲ್ಲಿ ಪೊರಕೆಯ ಸದ್ದು ನಿಂತಿತು. ದುರುಗಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿ ಬಂದು ಮಗಳ ಮುಂದೆ ಕುಕ್ಕರಿಸಿದಳು.

"ಕರೀತಲ್ಲ ಟೀಚರ್, ನಂಗೆ ಕೇಳ್ತು. ಇಲ್ಲೇ ಇದೀನಿ ಮಗಾ, ಇನ್ನೊಂದ್ಸಲ ಅನ್ನು."

ರೋಜಾ ಅವಳನ್ನು ನೋಡಲಿಲ್ಲ. ಕತ್ತು ವಾಲಿಸಿ ಸುಮಾಳ ಕಡೆ ಸೊಟ್ಟ ಕೈ ಚಾಚಿದಳು. ಗಂಟಲಿಗೆ ಎಟುಕಲೆಂದು ಬೆರಳು ಬಿಡಿಸುತ್ತ ಮತ್ತೆ ಅಂದಳು. "ಅವ್ವ."

ಸುಮಾಗೆ ಆಗ ತಿಳಿಯಿತು. ಎರಡು ವರ್ಷ ಕಲಿಸಿದ್ದು ತನ್ನ ಮುಖಕ್ಕೊಂದು ಹೆಸರನ್ನು. ಒಂದು ದಿನವೂ ದುರುಗಮ್ಮನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಿರಲಿಲ್ಲ. "ನಿಮ್ಮನ್ನೇ ಕರೆದಿದ್ದು..." ಎಂದಳು.

ದುರುಗಮ್ಮ ಎದ್ದು ದೊಡ್ಡಿಗೆ ಹೋದಳು. ಬರುವಾಗ ಎದೆಗವಚಿಕೊಂಡು ಒಂದು ಕರಿ ಮರಿ ತಂದಳು. ಬೇಡವೆಂದು ಸುಮಾ ಎರಡು ಸಲ ಕೈ ಹಿಂದಕ್ಕೆಳೆದುಕೊಂಡಳು.

"ಅವ್ವ ಅಂದ್ರೆ ಕೊಡ್ತೀನಿ ಅಂದಿದ್ದೆ, ಕೂಸು ಅಂತು. ಯಾರಿಗನ್ನಬೇಕು ಅಂತ ನಾನೇನು ಹೇಳಿರ್ಲಿಲ್ಲ. ಹಿಡೀರಿ."

ಸ್ಕೂಟಿಯಲ್ಲಿ ಕಾಲಿಡುವ ಜಾಗದಲ್ಲಿ ಮರಿಯನ್ನು ಅವಳೇ ಕೂರಿಸಿ, ಬೀಳದ ಹಾಗೆ ಹಗ್ಗ ಬಿಗಿದಳು.

ಬೇಲಿ ದಾಟುವಾಗ ಸುಮಾ ತಿರುಗಿ ನೋಡಿದಳು. ತಾನು ಕೂತಿದ್ದ ಜಾಗದಲ್ಲೇ ದುರುಗಮ್ಮ ಕಾಲು ಮಡಚಿ ಕೂತಿದ್ದಳು. ಮಗಳ ಕೈ ಅವಳ ಗಂಟಲ ಮೇಲಿತ್ತು. ತಾಯಿಯ ತುಟಿ ಅಲುಗುತ್ತಿತ್ತು. ರೋಜಾ ರಸ್ತೆಯನ್ನೇ ನೋಡುತ್ತಿದ್ದಳು.